ಪರಾಧೀನವಾದ ಕಾವಲು

ಕಟ್ಟಡದ ಕಾವಲನ್ನು ಕ್ಲೌಡಿಗೆ, ಎಂದರೆ ದೂರದಲ್ಲಿ ಪರರು ನಡೆಸುವ ಗಣಕಯಂತ್ರಗಳಿಗೆ, ಒಪ್ಪಿಸುವ ಸಂಸ್ಥೆಗಳು ಅನೇಕವೇಳೆ ಅದನ್ನು ಮೆಲ್ಲಮೆಲ್ಲನೆ ಮಾಡುವುವು. ಮೊದಲು ಕ್ಯಾಮೆರಾದ ಚಿತ್ರಗಳು ಅಲ್ಲಿ ಶೇಖರವಾಗುವುವು. ಬಳಿಕ ಹೋಗಿಬರುವವರ ದಾಖಲೆ. ಕಟ್ಟಕಡೆಗೆ ಬಾಗಿಲಿನ ಬೀಗವೂ ಅಲ್ಲಿಯ ಅಪ್ಪಣೆಗೆ ಕಾಯತೊಡಗುವುದು. ಹಳೆಯ ಯಂತ್ರಗಳನ್ನು ಒಮ್ಮೆಗೇ ಎಸೆಯಬೇಕಾಗಿಲ್ಲವಾದುದರಿಂದ ಇದು ಲೌಕಿಕವಾಗಿ ವಿವೇಕವೇ ಸರಿ. ಆದರೆ ಒಂದೊಂದು ಹೆಜ್ಜೆಯೂ ಕಿರಿದಾದಕಾರಣ, ಯಾವ ಹೆಜ್ಜೆಯಲ್ಲಿಯೂ ಪರರ ಒಪ್ಪಿಗೆಯನ್ನು ಕೇಳಬೇಕೆಂದು ಯಾರಿಗೂ ತೋರದು.

2021ನೆಯ ಮಾರ್ಚ್ ತಿಂಗಳಲ್ಲಿ ಅಮೆರಿಕದ ವರ್ಕಾಡಾ ಕಂಪೆನಿಯ ವ್ಯವಸ್ಥೆಯೊಳಕ್ಕೆ ಹೊರಗಿನವರು ಹೊಕ್ಕರು. ಸುಮಾರು 1,50,000 ಕ್ಯಾಮೆರಾಗಳು ಅವರ ದೃಷ್ಟಿಗೆ ತೆರೆದುಕೊಂಡುವು. ಅವುಗಳಲ್ಲಿ ಆಸ್ಪತ್ರೆ, ಪಾಠಶಾಲೆ, ಸೆರೆಮನೆಗಳವೂ ಇದ್ದುವು. ಒಡೆಯನು ತನ್ನ ಹಣದ ಪೆಟ್ಟಿಗೆಯನ್ನು ಬೇಕಾದವರಲ್ಲಿ ಇರಿಸಲಿ. ಹೋದರೆ ಅವನದೇ ಹೋಯಿತು. ಹಾಸಿಗೆ ಹಿಡಿದ ರೋಗಿಯ ರೂಪು ಆಸ್ಪತ್ರೆಯ ಸ್ವತ್ತೇನು, ಅದು ಇನ್ನೊಬ್ಬರಲ್ಲಿ ಇಡುವುದಕ್ಕೆ? ರಕ್ಷಣೆಗೆಂದು ಬಂದವನ ಮಾನವನ್ನೇ ರಕ್ಷಣೆಯ ಹೆಸರಿನಲ್ಲಿ ಪರಾಧೀನಮಾಡಿದಂತಾಯಿತು. ಹಳೆಯ ಕಾಲದ ಕಾವಲುಗಾರನೂ ಇಣಿಕಿ ನೋಡದವನೇನಲ್ಲ, ನಿಜ. ಅವನಿಗೆ ಇದ್ದುದು ಒಂದು ಕಿಟಕಿ, ಮತ್ತು ಅವನ ಮುಖ ಎಲ್ಲರಿಗೂ ಪರಿಚಿತ. ಚಿತ್ರಗಳ ಹೆಜ್ಜೆ ಮುಗಿದು ಬೀಗದ ಹೆಜ್ಜೆ ಬರುವುದರೊಳಗೆ ಆ ರೋಗಿಯನ್ನು ಒಂದು ಮಾತು ಕೇಳುವುದಕ್ಕೆ ಬೇಕಾದಷ್ಟು ಬಿಡುವುಂಟು.