ಇಂದಿನ ಧಮ್ಮ ಚಿಂತನೆ: ಹುಳ ಕಂಡಿತು, ಬತ್ತಿದ ನೀರು ಕಾಣಲಿಲ್ಲ



ಜರ್ಮನಿಯಲ್ಲಿ ಹಾರ್ಟ್ಸ್ ಎಂಬ ಬೆಟ್ಟಸಾಲಿದೆ. ಅದರ ತುಂಬ ಸ್ಪ್ರೂಸ್ ಎಂಬ ಸೂಜಿಯೆಲೆಯ ಮರಗಳು. 2018ರಿಂದೀಚೆಗೆ ಕೆಲವೇ ವರ್ಷಗಳಲ್ಲಿ ಆ ಹಸಿರು ಇಳಿಜಾರುಗಳು ಒಣಗಿ ಬೂದುಬಣ್ಣಕ್ಕೆ ತಿರುಗಿದವು. ಕೊಂದದ್ದು ಅರ್ಧ ಸೆಂಟಿಮೀಟರ್ ಉದ್ದದ ದುಂಬಿ. ಅದು ತೊಗಟೆ ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೆ ಒಯ್ಯುವ ಒಳತೊಗಟೆಯನ್ನೇ ಅದರ ಮರಿಹುಳಗಳು ತಿಂದುಬಿಡುತ್ತವೆ.

ಆದರೆ ಈ ದುಂಬಿ ಹೊಸದಲ್ಲ. ಬಿದ್ದ ಮರ, ಬಡಕಲು ಮರಗಳಲ್ಲಿ ಅದು ಹಿಂದಿನಿಂದಲೂ ಬದುಕಿಕೊಂಡಿತ್ತು. ಗಟ್ಟಿ ಮರವನ್ನು ಕೊರೆದರೆ, ಮರ ಅಂಟುರಾಳ ಸುರಿಸಿ ಅದನ್ನು ಮುಳುಗಿಸಿಬಿಡುತ್ತಿತ್ತು. ಈ ಸಲ ಮೇಲಿಂದ ಮೇಲೆ ಬರ ಬಂತು. ನೀರಿಲ್ಲದ ಮರಕ್ಕೆ ರಾಳ ಎಲ್ಲಿಂದ ಬರಬೇಕು? ಸೆಕೆ ಹೆಚ್ಚಾಗಿ ದುಂಬಿಯ ಸಂತತಿ ಬೇಗಬೇಗ ಬೆಳೆಯಿತು. ಅದಕ್ಕೂ ಮೊದಲು, ಗಣಿಗೆ ಮತ್ತು ದಿಮ್ಮಿಗೆಂದು ಮನುಷ್ಯರೇ ಬೇರೆ ಮರಗಳಿದ್ದ ಕಡೆಯಲ್ಲೂ ಸ್ಪ್ರೂಸ್ ಒಂದನ್ನೇ ಸಾಲಾಗಿ ನೆಟ್ಟಿದ್ದರು. ಇಷ್ಟೆಲ್ಲ ಕೂಡಿದ್ದರಿಂದ ಕಾಡು ಸತ್ತಿತು. ಭಗವಾನ್ ಬುದ್ಧರು ಬೋಧಿಸಿದ ಪ್ರತೀತ್ಯಸಮುತ್ಪಾದ ಇದೇ.

ನಾನು ಶಾಲಾ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಹತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟ. ಗುಟ್ಕಾ ಚಟ, ಕೆಟ್ಟ ಸಹವಾಸ ಎಂದು ನಾನು ತೀರ್ಮಾನಿಸಿದ್ದೆ. "ಅವನ ಹಣೇಲಿ ಬರ್ದಂಗೆ ಆಯ್ತದೆ ಬುಡಿ ಮೇಷ್ಟ್ರೇ" ಎಂದರು ಅವನ ಅಜ್ಜಿ. ನಾನು ತಲೆಯಾಡಿಸಿ ಬಂದೆ. ಆಮೇಲೆ ತಿಳಿಯಿತು: ಅಪ್ಪ ಹಾಸಿಗೆ ಹಿಡಿದಿದ್ದ, ಮನೆಯಲ್ಲಿ ಸಾಲವಿತ್ತು, ಹುಡುಗ ರಾತ್ರಿಯೆಲ್ಲ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ನಿದ್ದೆ ತಡೆಯಲು ಗುಟ್ಕಾ ಹಿಡಿದಿದ್ದ. ತೂಕಡಿಸುತ್ತಾನೆಂದು ಅವನನ್ನು ಹೊರಗೆ ನಿಲ್ಲಿಸಿದವನು ನಾನೇ.

ಹುಳ ನನಗೆ ಕಂಡಿತು. ಬತ್ತಿದ ನೀರು ಕಾಣಲಿಲ್ಲ.

ಚಟ ತಪ್ಪಲ್ಲ ಎಂದು ನಾನು ಹೇಳುತ್ತಿಲ್ಲ. ಐದನೇ ಶೀಲ ಎಲ್ಲರಿಗೂ ಇದೆ. ಆದರೆ ಚಟವೊಂದನ್ನೇ ಬೈದರೆ ಕಾರಣ ಹಾಗೇ ಉಳಿಯುತ್ತದೆ. ಹಣೆಬರಹ ಎಂದರೆ ಕಾರಣ ಹುಡುಕುವ ಕೆಲಸವೇ ನಿಂತುಹೋಗುತ್ತದೆ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ನಮ್ಮ ಕೈಗೆ ಧಮ್ಮ ಕೊಟ್ಟದ್ದು ಆ ಮಾತಿಗೆ ತಲೆಯಾಡಿಸಲಿಕ್ಕಲ್ಲ.

ದುಃಖಕ್ಕೆ ಕಾರಣವಿದೆ, ಆದ್ದರಿಂದಲೇ ನಿವಾರಣೆಯೂ ಇದೆ. ಹಾರ್ಟ್ಸ್‌ನಲ್ಲಿ ಈಗ ಒಣಮರಗಳ ನಡುವೆ ಬೇರೆ ಬೇರೆ ಜಾತಿಯ ಸಸಿಗಳು ಚಿಗುರುತ್ತಿವೆ. ಜನರೂ ಈಗ ಬೆರಕೆ ಕಾಡನ್ನೇ ಬೆಳೆಸುತ್ತಿದ್ದಾರೆ.

ಇಂದಿನ ಅಭ್ಯಾಸ: ನಮ್ಮ ಕೇರಿಯಲ್ಲಿ ಯಾರನ್ನಾದರೂ "ಕೆಟ್ಟುಹೋದ" ಎನ್ನುವ ಮೊದಲು ಅವರ ಮನೆಗೊಮ್ಮೆ ಹೋಗಿ ಕೂತು ಬರೋಣ. ನೀರು ಎಲ್ಲಿ ಬತ್ತಿದೆ ಎಂದು ನೋಡೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.