ಥೈಮಸ್ ಯಾರನ್ನು ಹೊರಗಿಡುತ್ತದೆ?

ಮೇಡ್ಲೇರಿಯ ಸಭೆಯೊಂದರಲ್ಲಿ ಕೇಳಿದ ಮಾತು ಇನ್ನೂ ನನ್ನನ್ನು ಕೆರಳಿಸುತ್ತದೆ. "ಎದೆಮೂಳೆಯ ಹಿಂದೆ ಥೈಮಸ್ ಅನ್ನುವ ಗ್ರಂಥಿ ಐತಿ. ನಮ್ಮವರು ಯಾರು, ಹೊರಗಿನವರು ಯಾರು ಅಂತ ಅದು ರಕ್ತದ ಟಿ ಕೋಶಗಳಿಗೆ ಕಲಿಸತೈತಿ. ಹೊರಗಿನವರನ್ನ ದೇಹನ ಸಹಿಸೂದಿಲ್ಲ, ಊರು ಯಾಕ ಸಹಿಸಬೇಕು?" ಎಂದರು ಭಾಷಣಕಾರರು. ಜನ ಚಪ್ಪಾಳೆ ಹೊಡೆದರು. ಇದು ವಿಜ್ಞಾನದ ಹೆಸರಿನಲ್ಲಿ ಹೇಳಿದ ಸುಳ್ಳು. ಇದನ್ನು ಸುಮ್ಮನೆ ಬಿಡಬಾರದು.

ಭಾಷಣಕಾರರ ಮಾತಿನ ಹಿಂದಿರುವ ನಿಜವಾದ ಎದುರಾಳಿ ಆಸ್ಟ್ರೇಲಿಯಾದ ವಿಜ್ಞಾನಿ ಮ್ಯಾಕ್‌ಫಾರ್ಲೇನ್ ಬರ್ನೆಟ್. ಪೀಟರ್ ಮೆಡಾವರ್ ಜೊತೆ 1960ರಲ್ಲಿ ನೊಬೆಲ್ ಪಡೆದವರು. ದೇಹದ ರಕ್ಷಣೆಯೆಲ್ಲ 'ತನ್ನದು' ಮತ್ತು 'ತನ್ನದಲ್ಲದ್ದು' ಎಂಬ ಭೇದದ ಮೇಲೆ ನಿಂತಿದೆ, ತನ್ನ ಮೇಲೇ ಎರಗಬಲ್ಲ ಕೋಶಗಳು ಮೊದಲೇ ನಾಶವಾಗುತ್ತವೆ ಎಂದು ಅವರು ವಾದಿಸಿದರು. ಗಟ್ಟಿ ವಾದ. ಅದನ್ನು ಎದುರಿಸಬೇಕಾದರೆ ಗ್ರಂಥಿಯೊಳಗೆ ನಡೆಯುವುದನ್ನೇ ನೋಡಬೇಕು.

ಅಸ್ಥಿಮಜ್ಜೆಯಿಂದ ಬಂದ, ಮುಂದೆ ಟಿ ಕೋಶಗಳಾಗಲಿರುವ ಎಳೆಯ ಕೋಶಗಳು ಥೈಮಸ್ಸಿನಲ್ಲಿ ಜೀನ್ ತುಣುಕುಗಳನ್ನು ಹೇಗೆಂದರೆ ಹಾಗೆ ಜೋಡಿಸಿ ತಮ್ಮ ಗ್ರಾಹಕಗಳನ್ನು ಮಾಡಿಕೊಳ್ಳುತ್ತವೆ. ಯಾವ ಗ್ರಾಹಕ ಯಾವುದಕ್ಕೆ ಅಂಟೀತು ಎಂಬುದು ಮೊದಲೇ ನಿಶ್ಚಯವಾಗಿರುವುದಿಲ್ಲ. ಹೊರಪದರದಲ್ಲಿ ಮೊದಲ ಪರೀಕ್ಷೆ: ಪ್ರೋಟೀನ್ ತುಣುಕುಗಳನ್ನು ಟಿ ಕೋಶಗಳಿಗೆ ಹಿಡಿದು ತೋರಿಸುವ, ಸ್ವಂತ ದೇಹದ ಎಂಎಚ್‌ಸಿ ಪ್ರೋಟೀನನ್ನು ಸ್ವಲ್ಪವೂ ಗುರುತಿಸದ ಕೋಶ ಸಾಯುತ್ತದೆ. ಒಳಭಾಗದಲ್ಲಿ ಎರಡನೆಯದು: ಅಲ್ಲಿನ ಕೋಶಗಳು 'ಏರ್' ಎಂಬ ಜೀನಿನ ನೆರವಿನಿಂದ ಇನ್ಸುಲಿನ್‌ನಂಥ ದೂರದ ಅಂಗಗಳ ಪ್ರೋಟೀನುಗಳನ್ನೂ ತಯಾರಿಸಿ ತೋರಿಸುತ್ತವೆ. ಅವಕ್ಕೆ ತೀರಾ ಬಿಗಿಯಾಗಿ ಅಂಟಿಕೊಂಡ ಟಿ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ. ಬದುಕಿ ಹೊರಗೆ ಬರುವುದು ನೂರಕ್ಕೆ ಐದಕ್ಕಿಂತ ಕಡಿಮೆ.

ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲಗಳಲ್ಲಿ ನಾನೂ ಬೆರಕೆ ಗಿಡ ಕಿತ್ತವನು. ಅಲ್ಲಿ ತಳಿಯ ಗುಣ ಮೊದಲೇ ಗೊತ್ತು. ಎಲೆ, ಹೂ ನೋಡಿ ಹೊರಗಿನದನ್ನು ಕೀಳುತ್ತೇವೆ. ಥೈಮಸ್ಸಿನ ಕೆಲಸ ಇದಕ್ಕೆ ತದ್ವಿರುದ್ಧ. ಅಲ್ಲಿ ತೋರಿಸುವುದೆಲ್ಲ ಬಹುಮಟ್ಟಿಗೆ ನಮ್ಮದೇ. ಹೊರಗಿನವರ ಸುದ್ದಿ ತೀರಾ ಕಡಿಮೆ. ಸಾಯುವ ಕೋಶಗಳೂ ನಮ್ಮವೇ: ಒಂದೋ ನಮ್ಮನ್ನು ಗುರುತಿಸಲಾಗದವು, ಇಲ್ಲವೇ ನಮ್ಮ ಮೇಲೇ ಬೀಳುವಂಥವು. ದ್ವೇಷದ ಪಾಠಶಾಲೆ ಎಂದು ಹೊಗಳಿಸಿಕೊಂಡ ಈ ಗ್ರಂಥಿ ನಿಜವಾಗಿ ತಡೆಯುವುದು ಮನೆಯೊಳಗಿನ ಹಿಂಸೆಯನ್ನು. ಇನ್ನು, ದೇಹ ಹೊರಗಿನದನ್ನೆಲ್ಲ ಹೊಡೆಯುತ್ತದೆಯೇ? ದಿನಾ ಉಣ್ಣುವ ಜೋಳದ ರೊಟ್ಟಿ ಹೊರಗಿನದು. ಕರುಳಿನ ಬ್ಯಾಕ್ಟೀರಿಯಾಗಳು ಹೊರಗಿನವು. ಬಸಿರಲ್ಲಿರುವ ಕೂಸಿನ ಅರ್ಧ ಜೀನುಗಳು ತಂದೆಯವು.

ಬರ್ನೆಟ್‌ಗೆ ಸಲ್ಲಬೇಕಾದದ್ದನ್ನು ಸಲ್ಲಿಸಲೇಬೇಕು. ನವಜಾತ ಇಲಿಗಳ ಥೈಮಸ್ ತೆಗೆದರೆ ಅವು ಪರಕೀಯ ಚರ್ಮವನ್ನೂ ಒಪ್ಪಿಕೊಳ್ಳುತ್ತವೆ, ಸೋಂಕಿಗೆ ಬಲಿಯಾಗುತ್ತವೆ ಎಂದು 1961ರಲ್ಲಿ ಜಾಕ್ ಮಿಲ್ಲರ್ ತೋರಿಸಿದರು. ತನ್ನದರ ಮೇಲೆ ಎರಗುವ ಕೋಶಗಳು ಥೈಮಸ್ಸಿನಲ್ಲೇ ಅಳಿಯುತ್ತವೆ ಎಂಬುದಕ್ಕೆ 1987ರಲ್ಲಿ ಪುರಾವೆ ಸಿಕ್ಕಿತು. ಭೇದವೇ ಇಲ್ಲದೆ ದೇಹ ಬದುಕದು. ಅಷ್ಟರಮಟ್ಟಿಗೆ ಅವರು ಸರಿ. ಆದರೆ ಅಳಿಸುವುದೊಂದೇ ದಾರಿಯಲ್ಲ. ಸ್ವಂತ ದೇಹವನ್ನು ಬಿಗಿಯಾಗಿ ಗುರುತಿಸುವ ಕೆಲವು ಕೋಶಗಳನ್ನು ಥೈಮಸ್ ಕೊಲ್ಲದೆ, ಉಳಿದವುಗಳನ್ನು ಹತೋಟಿಯಲ್ಲಿಡುವ ಕೆಲಸಕ್ಕೆ ಹಚ್ಚುತ್ತದೆ. ಇವುಗಳನ್ನು 1995ರಲ್ಲಿ ಗುರುತಿಸಿದ ಶಿಮೊನ್ ಸಕಾಗುಚಿ 2025ರ ನೊಬೆಲ್ ಹಂಚಿಕೊಂಡರು.

ಹಾಗಾದರೆ ಥೈಮಸ್ ಸಹಬಾಳ್ವೆಯನ್ನು ಕಲಿಸುತ್ತದೆ ಎಂದು ನಾನು ಸಾರಿಬಿಡಬಹುದೇ? ನಮ್ಮ ಚಿಗವ್ವನ ಕಾಯಿಲೆ ಅದಕ್ಕೆ ಅಡ್ಡ ಬರುತ್ತದೆ. ಸಂಜೆಯಾದರೆ ಅವಳ ರೆಪ್ಪೆ ಇಳಿಬೀಳುತ್ತಿತ್ತು, ರೊಟ್ಟಿ ಬಡಿಯುವ ಕೈ ಸೋಲುತ್ತಿತ್ತು. ಮಯಸ್ಥೇನಿಯಾ ಗ್ರೇವಿಸ್ ಎಂದರು ಡಾಕ್ಟರು. ನರದ ಸಂದೇಶ ಸ್ನಾಯುವನ್ನು ಸೇರುವ ಜಾಗದ ಮೇಲೆ ದೇಹವೇ ದಾಳಿ ಮಾಡುವ ರೋಗ ಅದು. ಆ ದಾಳಿಗೆ ಕುಮ್ಮಕ್ಕು ಅನೇಕರಲ್ಲಿ ಥೈಮಸ್ಸಿನಿಂದಲೇ ಸಿಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿ ಗ್ರಂಥಿಯನ್ನೇ ತೆಗೆದರು. ಕ್ರಮೇಣ ಚಿಗವ್ವ ಸುಧಾರಿಸಿದಳು. ತನ್ನವರ ಮೇಲಿನ ಹಿಂಸೆಯನ್ನು ತಡೆಯುವ ಗ್ರಂಥಿಯೇ ಅದಕ್ಕೆ ತವರೂ ಆಗಬಲ್ಲದು. ಹಾಗೆಂದು ಬೆಳೆದವರಿಗೆ ಅದು ಬೇಡವೇ ಬೇಡ ಎನ್ನುವಂತೆಯೂ ಇಲ್ಲ: ಬೇರೆ ಕಾರಣಕ್ಕೆ ಥೈಮಸ್ ತೆಗೆಸಿಕೊಂಡ ವಯಸ್ಕರಲ್ಲಿ ಸಾವು ಮತ್ತು ಕ್ಯಾನ್ಸರ್ ಹೆಚ್ಚು ಕಂಡವು ಎಂದು 2023ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು.

ಆದ್ದರಿಂದ ಭಾಷಣಕಾರರ ತೀರ್ಪಿನಷ್ಟೇ ಸಲೀಸಾದ ಎದುರು ತೀರ್ಪು ನನ್ನ ಬಳಿಯೂ ಇಲ್ಲ. ಯಾರನ್ನು ಜೊತೆಗೆ ಸೇರಿಸಿಕೊಳ್ಳಬೇಕು ಎಂಬುದು ಊರಿನ ಪ್ರಶ್ನೆ. ಊರಿನವರೇ ಕೂತು, ವಾದಿಸಿ, ಹೊಣೆ ಹೊತ್ತು ಉತ್ತರಿಸಬೇಕು. ದೇಹದ ಹೆಸರಿನಲ್ಲಿ ಯಾರಾದರೂ ಊರಿಗೆ ಕಾನೂನು ಹೇಳಲು ಬಂದರೆ, ದಯವಿಟ್ಟು ಚಪ್ಪಾಳೆ ಹೊಡೆಯಬೇಡಿ. ಎದ್ದು ನಿಂತು ಪ್ರಶ್ನೆ ಕೇಳಿ.