ಆರಿಸದವನ ಹೊಣೆ

ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಓದುವವನಿಗೂ ಊರಿನ ಮೇಲೆ ಬಿದ್ದ ಬಾಂಬಿಗೂ ಇಂಗ್ಲಿಷಿನವರು ಒಂದೇ ವಿಶೇಷಣ ಹಚ್ಚುತ್ತಾರೆ: ‘ಇನ್‌ಡಿಸ್ಕ್ರಿಮಿನೇಟ್’. ಓದುಗನ ವಿಷಯದಲ್ಲಿ ಅದು ಸಣ್ಣ ದೂರು, ಕಾಳು ಯಾವುದು ಜೊಳ್ಳು ಯಾವುದು ನೋಡುವುದಿಲ್ಲ ಎಂದಷ್ಟೇ. ಬಾಂಬಿನ ವಿಷಯದಲ್ಲಿ ಕಾನೂನೇ ಮಾತಾಡುತ್ತದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೊಟೊಕಾಲ್‌ನ 51ನೇ ವಿಧಿ ಇಂಥ ದಾಳಿಯನ್ನು ನಿಷೇಧಿಸಿದೆ. ನಿರ್ದಿಷ್ಟ ಸೈನಿಕ ಗುರಿಯಿಲ್ಲದೆ ಹೊಡೆಯುವಂತಿಲ್ಲ. ಊರಿನಲ್ಲಿ ಅಲ್ಲೊಂದು ಇಲ್ಲೊಂದು ಇರುವ ಸೇನಾ ನೆಲೆಗಳನ್ನು ಒಂದೇ ಗುರಿಯೆಂದು ಲೆಕ್ಕಹಾಕಿ ಇಡೀ ಊರಿಗೆ ಬಾಂಬು ಹಾಕುವಂತಿಲ್ಲ. ಡ್ರೆಸ್ಡೆನ್, ಟೋಕಿಯೊ ಸುಟ್ಟು ಬೂದಿಯಾದದ್ದು 1945ರಲ್ಲಿ. ಇಷ್ಟನ್ನು ಬರೆದಿಡಲು ಆಮೇಲೆ 32 ವರ್ಷ ಹಿಡಿಯಿತು.

ಬೇಕೆಂದೇ ಕೊಂದವನ ತಪ್ಪು ದೊಡ್ಡದು, ನೋಡದೆ ಎಸೆದವನದು ಬರೀ ಅಲಕ್ಷ್ಯ, ಹಾಗಾಗಿ ಚಿಕ್ಕದು ಎಂಬ ವಾದ ಉಂಟು. ರಸ್ತೆ ಅಪಘಾತದಲ್ಲಿ ನಾವು ಹೀಗೇ ತೂಗುತ್ತೇವೆ, ಅದು ಸರಿಯೂ ಹೌದು. ಆದರೆ ಅಲಕ್ಷ್ಯವೆಂದರೆ ಗಮನ ತಪ್ಪುವುದು. ಇಲ್ಲಿ ಯಾರ ಗಮನವೂ ತಪ್ಪಿಲ್ಲ. ಕೆಳಗೆ ಯಾರಿದ್ದಾರೆಂದು ಗಮನಿಸುವ ಅಗತ್ಯವಿಲ್ಲವೆಂದು ಮೊದಲೇ ತೀರ್ಮಾನವಾಗಿದೆ.

ಲಾವೋಸನ್ನು ನೋಡಿ. 1964ರಿಂದ 1973ರವರೆಗೆ ಅಮೆರಿಕ ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್ನಿಗೂ ಮಿಕ್ಕಿ ಬಾಂಬು ಸುರಿಯಿತು. ಕ್ಲಸ್ಟರ್ ಬಾಂಬುಗಳ ಒಡಲಿಂದ ಉದುರಿದ ಮರಿಬಾಂಬುಗಳೇ 27 ಕೋಟಿ ಎಂಬ ಅಂದಾಜಿದೆ; ಅವುಗಳಲ್ಲಿ ನೂರಕ್ಕೆ ಮೂವತ್ತರಷ್ಟು ಸಿಡಿಯದೆ ಮಣ್ಣಲ್ಲಿ ಉಳಿದವು. ಅಲ್ಲಿಯ ಜನ ಅವನ್ನು ‘ಬಾಂಬಿ’ ಎನ್ನುತ್ತಾರೆ. ಟೆನಿಸ್ ಚೆಂಡಿನಷ್ಟಿರುವ ಉಂಡೆ, ಮೇಲೆ ತುಕ್ಕು. ಮಕ್ಕಳು ಚೆಂಡೆಂದು ಎತ್ತಿಕೊಳ್ಳುತ್ತಾರೆ. ಗದ್ದೆಯಲ್ಲಿ ಗುದ್ದಲಿ ತಾಗುತ್ತದೆ. ಚಳಿ ಕಾಯಿಸಲು ಹಾಕಿದ ಬೆಂಕಿಯಡಿಯ ನೆಲದಲ್ಲಿ ಒಂದು ಹೂತಿರುತ್ತದೆ. ಉತ್ತರ ವಿಯೆಟ್ನಾಮಿನಿಂದ ಹಿಂದಿರುಗುವ ವಿಮಾನಗಳು ಮಿಕ್ಕ ಬಾಂಬುಗಳನ್ನು ಇಲ್ಲಿ ಕೆಡವಿ ಹೋದದ್ದೂ ಉಂಟು. ಹಾಗೆ ಕೆಡವಲು ಪೈಲಟ್ ಯಾರನ್ನೂ ದ್ವೇಷಿಸಬೇಕಿರಲಿಲ್ಲ.

ನನ್ನನ್ನು ಕಾಡುವುದು ಇದೇ. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಕೂಸಿನ ಮೇಲೆ ಯಾರಿಗಾದರೂ ಏನು ಹಗೆ ಇದ್ದೀತು? ಆದರೂ ಅದರ ಕೈ ಹೋಗುತ್ತದೆ. ದ್ವೇಷ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆದರೆ ದ್ವೇಷಕ್ಕೆ ಒಂದು ಮುಖ ಬೇಕು, ಹಗೆಯನ್ನು ಅದು ಗುರುತು ಹಿಡಿಯಬೇಕು. ಆ ಗುರುತೇ ಅದರ ಗಡಿಯೂ ಆಗಬಲ್ಲದು. ಗುರುತೇ ಬೇಡವೆಂದವನಿಗೆ ಊರಿನ ಗಡಿಯಿಲ್ಲ, ಕಾಲದ ಗಡಿಯೂ ಇಲ್ಲ. ಇನ್ನೂ ಹುಟ್ಟದವರನ್ನೂ ಅವನು ತನ್ನ ಲೆಕ್ಕದಿಂದ ಆಗಲೇ ಅಳಿಸಿಬಿಟ್ಟಿರುತ್ತಾನೆ.

‘ಇನ್‌ಡಿಸ್ಕ್ರಿಮಿನೇಟ್’ ಎಂಬ ಆ ವಿಶೇಷಣವನ್ನು ಬಾಂಬಿಗೆ ಅಂಟಿಸುವುದರಲ್ಲೇ ನನಗೆ ತಕರಾರಿದೆ. ಲೋಹಕ್ಕೆ ವಿವೇಚನೆ ಎಲ್ಲಿಂದ ಬರಬೇಕು? ನಮ್ಮ ಪತ್ರಿಕೆಗಳು ‘ಮನಬಂದಂತೆ ಗುಂಡು ಹಾರಿಸಿದರು’ ಎಂದು ಬರೆಯುವಾಗ ಹಾರಿಸಿದವರೂ ಅವರ ಮನಸ್ಸೂ ವಾಕ್ಯದೊಳಗೇ ಇರುತ್ತಾರೆ. ‘ವಿವೇಚನಾರಹಿತ ಅಸ್ತ್ರ’ ಎಂದಾಗ ಅವರು ಹೊರಗೆ ಜಾರಿಕೊಳ್ಳುತ್ತಾರೆ.

ಕಾನೂನಿನಲ್ಲೂ ಹೀಗೆ ಜಾರಿಕೊಳ್ಳಲು ದಾರಿಯಿದೆ. ಕ್ಲಸ್ಟರ್ ಬಾಂಬು ನಿಷೇಧದ ಒಪ್ಪಂದ 2008ರಲ್ಲಿ ಡಬ್ಲಿನ್‌ನಲ್ಲಿ ಅಂಗೀಕಾರವಾಗಿ 2010ರ ಆಗಸ್ಟ್ 1ರಂದು ಜಾರಿಗೆ ಬಂತು. ಲಾವೋಸ್ ಅದರಲ್ಲಿದೆ, ಅಮೆರಿಕ, ರಷ್ಯಾ, ಚೀನಾ ಇಲ್ಲ. ಭಾರತವೂ ಇಲ್ಲ, ಅದು ನನಗೆ ನೋವಿನ ಸಂಗತಿ. ಒಪ್ಪಂದದ 4ನೇ ವಿಧಿಯ ಪ್ರಕಾರ ಸಿಡಿಯದ ಬಾಂಬುಗಳನ್ನು ತೆಗೆಯುವ ಹೊಣೆ ಅವು ಬಿದ್ದಿರುವ ನೆಲದ ದೇಶದ್ದು. ಹಿಂದೆ ಅವನ್ನು ಹಾಕಿದ ದೇಶ ಒಪ್ಪಂದದಲ್ಲಿದ್ದರೆ, ಅದು ನೆರವಾಗಲೆಂದು ಬಲವಾದ ಉತ್ತೇಜನವಷ್ಟೇ ಉಂಟು. 2016ರಲ್ಲಿ ಲಾವೋಸಿಗೆ ಹೋದ ಒಬಾಮ ಮೂರು ವರ್ಷಗಳಿಗೆ 9 ಕೋಟಿ ಡಾಲರ್ ಘೋಷಿಸಿದರು. ಒಳ್ಳೆಯ ಕೆಲಸವೇ. ಆದರೆ ಅದು ನೆರವೆಂಬ ಹೆಸರಿನಲ್ಲಿ ಬಂತು, ತೀರಿಸಲೇಬೇಕಾದ ಸಾಲವೆಂದು ಅಲ್ಲ. ನೆರವನ್ನು ಕೊಡುವವನು ಯಾವಾಗ ಬೇಕಾದರೂ ನಿಲ್ಲಿಸಬಹುದು.